ಪರೀಕ್ಷೆಗೆ ಅಂಜಿ ಮಗುವನ್ನು ಮನೆಯಲ್ಲಿರಿಸಬೇಡಿ



ಕೆಲವು ವರ್ಷಗಳ ಹಿಂದಿನ ಮಾತು. ಒಂದು ಸಂಜೆ ಬ್ಯಾಡಗಿಯ ತಾಯಿಯೊಬ್ಬರು ರಾಣೆಬೆನ್ನೂರಿನ ನನ್ನ ಮನೆಗೆ ಬಂದರು. ಮೆಣಸಿನಕಾಯಿ ತುಂಬು ಬಿಡಿಸುವ ಕೆಲಸಕ್ಕೆ ಹೋಗಿ ಸಂಸಾರ ನಡೆಸುವವರು. ಅವರು ಕೆಲಸಕ್ಕೆ ಹೋಗಿದ್ದಾಗ ಪರಿಚಯದವನೊಬ್ಬ ಎಂಟು ವರ್ಷದ ಮಗಳೊಂದಿಗೆ ಕೆಟ್ಟದಾಗಿ ನಡೆದುಕೊಂಡಿದ್ದ. ತಾಯಿ ಗಾಬರಿಯಲ್ಲಿ ಮಗುವಿಗೆ ಸ್ನಾನ ಮಾಡಿಸಿ, ಫ್ರಾಕನ್ನು ಒಗೆದು ಹಾಕಿದ್ದರು.

“ಆಪಾ, ಆಸ್ಪತ್ರೆಗೆ ಕರಕೊಂಡು ಹೋದ್ರ ಡಾಕ್ಟರು ಮಗಳಿಗೆ ಏನ್ ಮಾಡ್ತಾರೋ ಏನೋ. ನಾಳೆ ಆಕಿ ಮದುವಿ ಹೆಂಗ?” ಎಂದು ಅತ್ತರು.

ನನಗೂ ಉತ್ತರ ತಿಳಿದಿರಲಿಲ್ಲ. ‘ಸಬ್ರ್ ಮಾಡಿ’ ಎಂದು ಹೇಳಿ ಕಳಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಸಬ್ರ್ ಎಂದರೆ ಅನ್ಯಾಯವನ್ನು ಮುಚ್ಚಿಡುವುದೇ? ಮರುದಿನ ಬೆಳಿಗ್ಗೆ ನಾನೇ ಬ್ಯಾಡಗಿಗೆ ಹೋಗಿ, ತಾಯಿ ಮಗಳನ್ನು ಕರೆದುಕೊಂಡು ಹಾವೇರಿಯ ಆಸ್ಪತ್ರೆಗೆ ಹೋದೆ. ಅಲ್ಲಿ ಕಂಡದ್ದನ್ನೂ ಆ ಬಳಿಕ ಓದಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ನಮ್ಮನ್ನು ಕಾಡುವ ಭಯದ ಮಾತು. 2012ರ ಪೋಕ್ಸೊ ಕಾಯ್ದೆಯ 27ನೇ ಕಲಮಿನ ಪ್ರಕಾರ ಹೆಣ್ಣು ಮಗುವನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ತಾಯಿ, ತಂದೆ ಅಥವಾ ಮಗು ನಂಬುವ ಇನ್ನೊಬ್ಬರು ಜೊತೆಯಲ್ಲಿರಬೇಕು. ಅಂಥವರು ಇರಲಾಗದಿದ್ದರೆ ಆಸ್ಪತ್ರೆಯ ಮುಖ್ಯಸ್ಥರು ಒಬ್ಬ ಮಹಿಳೆಯನ್ನು ನೇಮಿಸಬೇಕು. ಆದ್ದರಿಂದ “ಮಹಿಳಾ ಡಾಕ್ಟರೇ ಬೇಕು, ನಾನು ಒಳಗೇ ಇರುತ್ತೇನೆ” ಎಂದು ಕೇಳಲು ಸಂಕೋಚ ಪಡಬೇಡಿ. ಅದು ನಿಮ್ಮ ಹಕ್ಕು.

ಕನ್ಯತ್ವ ನೋಡುತ್ತಾರೆಂಬ ಅಂಜಿಕೆಯೂ ಬೇಡ. ‘ಎರಡು ಬೆರಳಿನ ಪರೀಕ್ಷೆ’ ಹೆಣ್ಣಿನ ಘನತೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತು. ಅದನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರ ಅಕ್ಟೋಬರ್ 31ರಂದು ಮತ್ತೆ ತೀರ್ಪಿತ್ತಿತು.

ಹಾಗಾದರೆ ಏನು ಮಾಡುತ್ತಾರೆ? ವೈದ್ಯರು ಮೊದಲು ಒಪ್ಪಿಗೆ ಪಡೆಯುತ್ತಾರೆ. ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ ಹನ್ನೆರಡು ವರ್ಷಕ್ಕಿಂತ ಚಿಕ್ಕ ಮಗುವಾದರೆ ತಂದೆತಾಯಿಯ ಒಪ್ಪಿಗೆ, ಅದಕ್ಕೆ ಮೇಲ್ಪಟ್ಟವರಾದರೆ ಮಗುವಿನದೇ ಒಪ್ಪಿಗೆ ಬೇಕು. ಆಮೇಲೆ ನಡೆದದ್ದನ್ನು ಮೆಲ್ಲಗೆ ಕೇಳುತ್ತಾರೆ. ಮೈಮೇಲೆ ಗಾಯ, ಊತ, ಕಲೆ ಇದೆಯೇ ಎಂದು ನೋಡಿ ಬರೆದುಕೊಳ್ಳುತ್ತಾರೆ. ಅಗತ್ಯವಿದ್ದರೆ ಹತ್ತಿಯ ಕಡ್ಡಿಯಿಂದ ಮಾದರಿ ತೆಗೆಯುತ್ತಾರೆ, ರಕ್ತ ಮತ್ತು ಮೂತ್ರ ಪಡೆಯುತ್ತಾರೆ. ಚಿಕ್ಕ ಮಕ್ಕಳಿಗೆ ಒಳಗೆ ಉಪಕರಣ ಹಾಕುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಮಗು ‘ಬೇಡ’ ಎಂದರೆ ನಿಲ್ಲಿಸಬೇಕು. ಗಂಡು ಮಕ್ಕಳಿಗೂ ಇದೇ ರಕ್ಷಣೆ, ಇದೇ ಚಿಕಿತ್ಸೆ ಸಿಗಬೇಕು. ಅವರಿಗೆ ಏನೂ ಆಗುವುದಿಲ್ಲವೆಂದು ಸುಮ್ಮನಿರಬೇಡಿ.

ಗಾಯ ಕಾಣದಿದ್ದರೆ ಮಗು ಸುಳ್ಳು ಹೇಳಿತೆಂದು ಅರ್ಥವಲ್ಲ. ಎಷ್ಟೋ ಮಕ್ಕಳ ಮೈಮೇಲೆ ಗುರುತೇ ಉಳಿಯುವುದಿಲ್ಲ.

ತಡ ಮಾತ್ರ ಮಾಡಬೇಡಿ. ಸಾಕ್ಷ್ಯ ಸಿಗುವ ಸಾಧ್ಯತೆ ಮೊದಲ ನಾಲ್ಕು ದಿನಗಳಲ್ಲೇ ಹೆಚ್ಚು. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಆರಂಭಿಸಬೇಕು. ಋತುಮತಿಯಾದ ಹುಡುಗಿಗೆ ಗರ್ಭ ತಡೆಯುವ ಮಾತ್ರೆಯೂ ಬೇಗ ಕೊಟ್ಟಷ್ಟು ಒಳ್ಳೆಯದು. ಸಾಧ್ಯವಾದರೆ ಸ್ನಾನ ಮಾಡಿಸದೆ, ಆಗ ತೊಟ್ಟ ಬಟ್ಟೆಯನ್ನು ಒಗೆಯದೆ, ಕಾಗದದಲ್ಲಿ ಸುತ್ತಿ ಒಯ್ಯಿರಿ. ಸ್ನಾನವಾಗಿ ಹೋಗಿದ್ದರೂ, ದಿನಗಳು ಕಳೆದಿದ್ದರೂ ಹೋಗಲೇಬೇಕು. ಚಿಕಿತ್ಸೆಗೆ ತಡವೆಂಬುದಿಲ್ಲ.

ಮೊದಲು ಠಾಣೆಗೆ ಹೋಗಿ ಚೀಟಿ ತರಬೇಕೆಂಬುದು ತಪ್ಪು ತಿಳುವಳಿಕೆ. ದೂರು ದಾಖಲಾಗದಿದ್ದರೂ ಪರೀಕ್ಷೆ ಮಾಡಬೇಕು. ಸರ್ಕಾರಿ ಇರಲಿ, ಖಾಸಗಿ ಇರಲಿ, ಆಸ್ಪತ್ರೆ ಉಚಿತವಾಗಿ ಪ್ರಥಮ ಚಿಕಿತ್ಸೆ ಕೊಡಲೇಬೇಕು. ಆದರೆ ಒಂದನ್ನು ತಿಳಿದಿರಿ: ವಿಷಯ ತಿಳಿದ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ಇದು ಕಾನೂನು. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಮವಸ್ತ್ರವಿಲ್ಲದೆ ಪಡೆಯಬೇಕೆಂದೂ ಅದೇ ಕಾನೂನು ಹೇಳುತ್ತದೆ. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಮಗುವಿನ ಹೆಸರನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ.

ಹೋಗುವ ಮುಂಚೆ ಮಗುವಿಗೆ ಹೇಳಿ: “ನೀನು ಏನೂ ತಪ್ಪು ಮಾಡಿಲ್ಲ. ಡಾಕ್ಟರ್ ನಿನ್ನ ಮೈ ಚೆನ್ನಾಗಿದೆಯಾ ಎಂದು ನೋಡುತ್ತಾರೆ. ಅಮ್ಮಿ ಪಕ್ಕದಲ್ಲೇ ಇರುತ್ತಾಳೆ.” ಹೀಗೆ ಹೇಳಬೇಕು ಎಂದು ಕಲಿಸಿಕೊಡಬೇಡಿ, ಪದೇಪದೇ ಕೆದಕಿ ಕೇಳಲೂಬೇಡಿ.

ಆ ದಿನ ಹಾವೇರಿಯಲ್ಲಿ ಆ ಮಗು ತಾಯಿಯ ಮಡಿಲಲ್ಲಿ ಕುಳಿತಿದ್ದಂತೆಯೇ ಪರೀಕ್ಷೆ ಮುಗಿಯಿತು. ಒಗೆದ ಫ್ರಾಕಿನಿಂದ ಏನೂ ಸಿಗಲಿಲ್ಲ. ಆದರೆ ಮಗುವಿನ ಮಾತು ದಾಖಲಾಯಿತು, ಔಷಧಿ ಸಿಕ್ಕಿತು. “ನಿನ್ನೇನೇ ಬರಬೇಕಿತ್ತು ಆಪಾ” ಎಂದರು ತಾಯಿ. ನಾನು ತಲೆ ತಗ್ಗಿಸಿದೆ. ನಿನ್ನೆ ತಡೆದವಳು ನಾನೇ ಅಲ್ಲವೇ?

ಸಹೋದರಿಯರೇ, ಮಕ್ಕಳು ನಮ್ಮ ಬಳಿ ಇರುವ ಅಮಾನತ್. 1098 ಮತ್ತು 112 ಸಂಖ್ಯೆಗಳನ್ನು ಬರೆದು ಅಡುಗೆ ಮನೆಯ ಗೋಡೆಗೆ ಅಂಟಿಸಿರಿ. ಈ ಪುಟವನ್ನು ಮನೆಯ ಗಂಡಸರಿಗೂ ಓದಿಸಿರಿ. ಯಾರಾದರೂ ತಾಯಿ ಅಳುತ್ತ ನಿಮ್ಮ ಬಾಗಿಲಿಗೆ ಬಂದರೆ ಅವರೊಂದಿಗೆ ಆಸ್ಪತ್ರೆಗೆ ಹೊರಡಿ.