ಜೇನುಗೂಡು ಒಡೆಯುವ ಸಲಹೆ

‘ಒಳಗಿರೋದನ್ನ ರಾಡ್ ಹಾಕಿ ಒಡೆದು ತೆಗೆದರೆ ಆಯ್ತು ಸಾರ್, ಎರಡು ಸಾವಿರ ಕೊಡಿ ಸಾಕು. ಪಿಕಪ್ಪೂ ಚೆನ್ನಾಗಿ ಬರುತ್ತೆ. ಎಮಿಷನ್ ಸರ್ಟಿಫಿಕೇಟ್ ನಾನೇ ಮಾಡಿಸಿಕೊಡ್ತೀನಿ.’

ಗ್ಯಾರೇಜಿನವರು ಹೀಗೆಂದಾಗ ಅಪ್ಪ ಅರ್ಧ ಒಪ್ಪಿಯೇಬಿಟ್ಟಿದ್ದರು. ನಮ್ಮದು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ತಂದ 2012ರ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. ಎಮಿಷನ್ ಟೆಸ್ಟ್‌ನಲ್ಲಿ ಫೇಲಾಗಿತ್ತು. ಹೊಸ ಕ್ಯಾಟಲಿಟಿಕ್ ಕನ್ವರ್ಟರ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡನ್ನೂ ಹಾಕಲು ಅವರು ಹೇಳಿದ್ದು 32 ಸಾವಿರ. ಮನೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಾ ಕೂತ ನಾನೊಬ್ಬನಿದ್ದೆ. ನಾನೇ ಹಾಕ್ತೀನಿ ಎಂದೆ. ಅಪ್ಪ ನಕ್ಕರು.

ಆ ಡಬ್ಬಿಯೊಳಗೆ ಇರುವುದು ಜೇನುಗೂಡಿನಂಥ ಸೆರಾಮಿಕ್ ಇಟ್ಟಿಗೆ. ಅದರ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂಗಳ ತೆಳುವಾದ ಲೇಪ. ಬಿಸಿ ಹೊಗೆ ಅದರೊಳಗೆ ಹಾಯುವಾಗ ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಪೆಟ್ರೋಲು, ನೈಟ್ರೋಜನ್ ಆಕ್ಸೈಡ್‌ಗಳು ಹೆಚ್ಚೂಕಮ್ಮಿ ಕಾರ್ಬನ್ ಡೈಆಕ್ಸೈಡ್, ನೀರು, ನೈಟ್ರೋಜನ್ ಆಗಿ ಬದಲಾಗುತ್ತವೆ. ಒಡೆದು ತೆಗೆದರೆ ಹೊರಗೆ ಡಬ್ಬಿ ಹಾಗೇ ಕಾಣುತ್ತದೆ, ವಿಷ ಮಾತ್ರ ನೇರವಾಗಿ ಹಿಂದೆ ಬರುವ ಬೈಕ್ ಸವಾರನ ಮುಖಕ್ಕೆ. ಒಡೆದ ಚೂರು ಯಾರ ಪಾಲಾಗುತ್ತದೆ ಎಂದು ನಾವು ಕೇಳುವುದೂ ಇಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಹೊಗೆ ಮಿತಿ ಮೀರಿದರೆ 10 ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಇದೆ. ಆದರೂ ಈ ‘ಐಡಿಯಾ’ವನ್ನು ನನ್ನ ಗೆಳೆಯರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ!

ಕನ್ವರ್ಟರ್ ಕೆಟ್ಟಿದ್ದಕ್ಕೆ ಕಾರಣ ಬೇರೆಯೇ ಇತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಹತ್ತಿರ ಟಿಕ್ ಟಿಕ್ ಸದ್ದು, ಬಿಸಿಯಾದಂತೆ ಮಾಯ. ಮ್ಯಾನಿಫೋಲ್ಡ್ ಬಿರುಕು ಬಿಟ್ಟಿತ್ತು. ಕಬ್ಬಿಣ ಕಾದು ಹಿಗ್ಗಿದಾಗ ಬಿರುಕು ಮುಚ್ಚಿಕೊಳ್ಳುತ್ತಿತ್ತು. ಅಲ್ಲಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಂಡರೆ ಆಕ್ಸಿಜನ್ ಸೆನ್ಸರ್ ಮೋಸಹೋಗುತ್ತದೆ, ಪೆಟ್ರೋಲ್ ಸಾಲದು ಎಂದು ಕಂಪ್ಯೂಟರಿಗೆ ತಿಳಿಸುತ್ತದೆ. ಹೆಚ್ಚಾದ ಪೆಟ್ರೋಲು ಕನ್ವರ್ಟರಿನಲ್ಲಿ ಉರಿದು ಜೇನುಗೂಡನ್ನೇ ಕರಗಿಸುತ್ತದೆ. ಬರೀ ಕನ್ವರ್ಟರ್ ಬದಲಿಸಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತಿತ್ತು.

ಬಿಡಿಭಾಗಕ್ಕೆ 23 ಸಾವಿರ ಆಯಿತು, ಸ್ಪ್ಯಾನರ್ ಸೆಟ್ಟು, ಸ್ಟ್ಯಾಂಡುಗಳ ಖರ್ಚು ಬೇರೆ. ಎಂಜಿನ್ ಪೂರ್ತಿ ತಣಿಯಲು ಒಂದು ರಾತ್ರಿ ಬಿಟ್ಟು, ಬ್ಯಾಟರಿಯ ನೆಗೆಟಿವ್ ಕಳಚಿ, ನಟ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ. ಬರೀ ಜ್ಯಾಕ್ ನಂಬಿ ಕಾರಿನ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸಕ್ಕೇ ಕೈಹಾಕಬೇಡಿ.

ಮೂರನೇ ನಟ್ಟು ತಿರುಗಿಸುವಾಗ ಸ್ಟಡ್ ಟಕ್ಕೆಂದು ಮುರಿಯಿತು. ಅರ್ಧ ಎಂಜಿನ್ನಿನೊಳಗೇ ಉಳಿಯಿತು. ಅಪ್ಪ ಏನೂ ಅನ್ನಲಿಲ್ಲ, ಅದೇ ಕಷ್ಟವಾಯಿತು. ಎಂಟು ಸೆಮಿಸ್ಟರಿನಲ್ಲಿ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ನಮ್ಮ ಲ್ಯಾಬಿನಲ್ಲಿ ಕತ್ತರಿಸಿಟ್ಟ ಎಂಜಿನ್ ಒಂದಿತ್ತು, ಅದರ ಮೇಲೆ ‘ಮುಟ್ಟಬಾರದು’ ಎಂಬ ಚೀಟಿಯೂ ಇತ್ತು.

ಆಟೊ ಕಾಂಪ್ಲೆಕ್ಸಿನಿಂದ ಒಬ್ಬ ವೆಲ್ಡರ್ ಮೊಪೆಡ್ಡಿನಲ್ಲಿ ಮಷೀನು ಕಟ್ಟಿಕೊಂಡು ಬಂದರು. ಮುರಿದ ತುಂಡಿನ ಮೇಲೆ ಒಂದು ನಟ್ಟಿಟ್ಟು ವೆಲ್ಡ್ ಮಾಡಿದರು. ಆ ಕಾವಿಗೆ ತುಕ್ಕು ಸಡಿಲಾಗಿ, ಸ್ಪ್ಯಾನರ್ ಹಾಕಿದರೆ ಸಲೀಸಾಗಿ ತಿರುಗಿ ಬಂತು. ‘ಏನಪ್ಪಾ ಎಂಜಿನಿಯರ್ರೇ, ಬಿಗಿ ಮಾಡುವಾಗ ನಡುವಿನಿಂದ ಹೊರಗೆ ಬನ್ನಿ, ಒಂದೇ ಸಲಕ್ಕೆ ಬಿಗೀಬೇಡಿ’ ಎಂದು ಹೇಳಿ 500 ರೂಪಾಯಿ ತೆಗೆದುಕೊಂಡು ಹೋದರು. ಅವರು ಓದಿದ್ದು ಏಳನೇ ಕ್ಲಾಸು. ಇಂಥವರನ್ನು ಕಾಲೇಜಿಗೆ ಕರೆಸಿ ವಾರಕ್ಕೊಂದು ತರಗತಿ ಕೊಡಿಸಲು ಯಾವ ನಿಯಮ ಅಡ್ಡ ಬರುತ್ತದೋ ಗೊತ್ತಿಲ್ಲ. ಕ್ಯಾಂಪಸ್ ಇಂಟರ್‌ವ್ಯೂಗೆ ಆಪ್ಟಿಟ್ಯೂಡ್ ಟ್ರೇನಿಂಗ್ ಕೊಡಿಸಲು ಮಾತ್ರ ಎಲ್ಲೆಲ್ಲಿಂದಲೋ ಬರುತ್ತಾರೆ.

ಗ್ಯಾರೇಜಿನವರಿಗೆ ಅರ್ಧ ದಿನದ ಕೆಲಸ ನನಗೆ ಮೂರು ದಿನ ಹಿಡಿಯಿತು. ಹೊಸ ಗ್ಯಾಸ್ಕೆಟ್ ಹಾಕಿ, ಕಾರನ್ನು ಬಯಲಲ್ಲೇ ಸ್ಟಾರ್ಟ್ ಮಾಡಿದೆ. ಶೆಡ್ಡಿನೊಳಗೆ ಹೊಗೆ ಕಟ್ಟಿಕೊಂಡರೆ ಪ್ರಾಣಕ್ಕೇ ಅಪಾಯ. ಟಿಕ್ ಟಿಕ್ ಇರಲಿಲ್ಲ. ಎಮಿಷನ್ ಕೇಂದ್ರದಲ್ಲಿ ಕಾರ್ಬನ್ ಮಾನಾಕ್ಸೈಡ್ 0.04 ಬಂತು, ನಮ್ಮಂಥ ಬಿಎಸ್–4 ಕಾರಿಗೆ ಮಿತಿ 0.3. ಅಪ್ಪ ಆ ಚೀಟಿಯನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡರು.

ಹಳೆಯ ಕನ್ವರ್ಟರ್ ಇನ್ನೂ ಶೆಡ್ಡಿನಲ್ಲೇ ಇದೆ. ಗುಜರಿಯವರು ಎರಡು ಸಲ ಬಂದು ಕೇಳಿಹೋದರು. ಅದರಲ್ಲಿ ಪ್ಲಾಟಿನಂ ಇರುವುದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು.