ಆಟದ ಕಣದಲ್ಲಿ ಪಂಕ್ತಿಭೇದ

ನಾರ್ವೆ ದೇಶದ ಉತ್ತರಭಾಗದಲ್ಲಿ, ಧ್ರುವವೃತ್ತಕ್ಕೂ ಆಚೆ, ಕಡಲ ದಡದಲ್ಲಿ ಬೂಡೋ ಎಂಬ ನಗರವಿದೆ. ಅಲ್ಲಿ ವಾಸಿಸುವವರು ಸುಮಾರು 50,000 ಜನ. ನಡುಚಳಿಗಾಲದಲ್ಲಿ ಹಗಲೆಂಬುದು ಹೆಸರಿಗೆ ಮಾತ್ರ. ಆ ಊರಿನವರು 1916ರಲ್ಲಿ ಕಾಲ್ಚೆಂಡಾಟದ ಸಂಘವೊಂದನ್ನು ಕಟ್ಟಿ ಅದಕ್ಕೆ ‘ಗ್ಲಿಮ್ಟ್’, ಎಂದರೆ ಮಿಂಚು, ಎಂದು ಹೆಸರಿಟ್ಟರು. 1948ರಲ್ಲಿ ಊರಿನ ಹೆಸರೂ ಸೇರಿ ಅದು ಬೂಡೋ ಗ್ಲಿಮ್ಟ್ ಆಯಿತು. ಈ ಸಂಘವು 2021ರ ಅಕ್ಟೋಬರ್ 21ರಂದು ಇಟಲಿಯ ಪ್ರಖ್ಯಾತ ರೋಮಾ ತಂಡವನ್ನು ಆರು ಗೋಲುಗಳಿಗೆ ಒಂದರಂತೆ ಸೋಲಿಸಿದಾಗ, ಇದೊಂದು ಪವಾಡವೆಂದು ಕೊಂಡಾಡಿದವರು ಬಹುಮಂದಿ. ಇದು ಸ್ತುತಿಯ ವೇಷದ ನಿಂದೆಯೇ ಹೊರತು ಬೇರೆಯಲ್ಲ. ಪವಾಡವೆಂದೊಡನೆ ಕಾರಣವನ್ನು ಕೇಳುವ ಹೊಣೆ ತಪ್ಪುತ್ತದೆ. ಈ ಮಿಂಚು ಇಷ್ಟು ತಡವಾಗಿ ಏಕೆ ಹೊಳೆಯಿತೆಂಬ ಪ್ರಶ್ನೆಯೂ ಮುಚ್ಚಿಹೋಗುತ್ತದೆ.

ನಾರ್ವೆಯಲ್ಲಿ 1902ರಿಂದ ನಡೆದು ಬಂದ ಕಪ್ ಪಂದ್ಯಾವಳಿಯನ್ನು ಗೆದ್ದವರಿಗೆ ಇಡೀ ದೇಶದ ವಿಜಯಿಗಳೆಂಬ ಬಿರುದು. ಆದರೆ ಆ ದೇಶದ ನೆಲದಲ್ಲಿ ಮೂರರಲ್ಲೊಂದು ಪಾಲಿನಷ್ಟಿರುವ ಉತ್ತರಭಾಗದ ಸಂಘಗಳಿಗೆ 1963ರವರೆಗೆ ಅದರಲ್ಲಿ ಪ್ರವೇಶವೇ ಇರಲಿಲ್ಲ. ಉತ್ತರದವರು ತಮ್ಮತಮ್ಮೊಳಗೆ ಬೇರೊಂದು ಪಂದ್ಯಾವಳಿಯನ್ನು ಆಡಿಕೊಳ್ಳಬೇಕಾಗಿತ್ತು. ಹಬ್ಬದೂಟಕ್ಕೆ ಊರೆಲ್ಲ ಬಂದಿತೆಂದು ಹೇಳಿಕೊಂಡು, ಕೇರಿಯೊಂದನ್ನು ಹೊರಗೆ ಕೂರಿಸಿದಂತಾಯಿತು ಇದು.

ದಾರಿ ದೂರ, ಹಿಮ ಹೆಚ್ಚು, ವೆಚ್ಚ ಮಿಗಿಲು ಎಂದು ಈ ಕಟ್ಟಳೆಯ ಪರವಾಗಿ ವಾದಿಸುವವರುಂಟು. ಆ ಮಾತು ಪೂರ್ಣವಾಗಿ ಸುಳ್ಳಲ್ಲ. ರೈಲುದಾರಿಯು ಬೂಡೋ ನಗರವನ್ನು ಮುಟ್ಟಿದುದೇ 1962ರಲ್ಲಿ. ಆದರೆ 1940ರ ಮೇ 27ರಂದು ಜರ್ಮನಿಯ ವಿಮಾನಗಳು ಬಾಂಬು ಸುರಿದು ಆ ಊರಿನ ಬಹುಭಾಗವನ್ನು ಸುಟ್ಟಾಗ, ಶತ್ರುವಿಗೆ ಅದು ದೂರವಾಗಿರಲಿಲ್ಲ. ದೇಶದ ಕಷ್ಟದಲ್ಲಿ ಪಾಲು ಕೊಡಲು ಹತ್ತಿರವಾದವರು, ದೇಶದ ಆಟದಲ್ಲಿ ಪಾಲು ಕೇಳಿದಾಗ ಮಾತ್ರ ದೂರದವರಾದದ್ದು ಹೇಗೆ?

ದೂರವೇ ನಿಜವಾದ ಕಾರಣವಾಗಿದ್ದರೆ ರೈಲು ಬಂದೊಡನೆ ಎಲ್ಲ ಬಾಗಿಲುಗಳೂ ತೆರೆಯಬೇಕಾಗಿತ್ತು. ಹಾಗಾಗಲಿಲ್ಲ. ಮೊದಲನೆಯ ಶ್ರೇಣಿಯ ಬಾಗಿಲು 1972ರವರೆಗೆ ಮುಚ್ಚಿಯೇ ಇತ್ತು. ಆಮೇಲೂ ಕಟ್ಟಳೆ ಸಮವಾಗಲಿಲ್ಲ: ಎರಡನೆಯ ಶ್ರೇಣಿಯಲ್ಲಿ ದಕ್ಷಿಣದ ಎರಡು ಗುಂಪುಗಳನ್ನು ಗೆದ್ದವರು ನೇರವಾಗಿ ಮೇಲೇರುವರು, ಉತ್ತರದ ಗುಂಪನ್ನು ಗೆದ್ದವರಾದರೋ ದಕ್ಷಿಣದಲ್ಲಿ ಎರಡನೆಯ ಸ್ಥಾನ ಪಡೆದವರೊಡನೆ ಮತ್ತೆ ಸೆಣಸಿ ಗೆಲ್ಲಬೇಕು. ಇದೀಗ ಪಂಕ್ತಿಭೇದ! ಒಳಗೆ ಕರೆದು, ಎಲೆ ಹಾಕಿ, ಬಡಿಸುವಾಗ ಭೇದ ಮಾಡುವುದಕ್ಕೆ ಯಾವ ದಾರಿಯ ದೂರ ಅಡ್ಡಬಂದಿತ್ತು?

ಉತ್ತರದವರ ಆಟವೇ ಕೀಳಾಗಿತ್ತೆಂಬುದು ಇನ್ನೊಂದು ವಾದ. 1972ರಲ್ಲಿ ಮೊದಲ ಶ್ರೇಣಿಯಲ್ಲಿ ಆಡಿದ ನಾರ್ವಿಕ್ ನಗರದ ಮ್ಯೋಲ್ನರ್ ಸಂಘವು ಆ ವರ್ಷವೇ ಕೆಳಗಿಳಿದುದನ್ನು ಇದಕ್ಕೆ ಸಾಕ್ಷಿಯಾಗಿ ತೋರಿಸಬಹುದು. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯುಂಟು. ಕುಣಿಯಲು ನೆಲವನ್ನೇ ಕೊಡದೆ ಕುಣಿತ ಬಾರದೆಂದು ಹಳಿದವರಿಗೆ ಯಾವ ಗಾದೆಯನ್ನು ಹೇಳಬೇಕು? 1975ರಲ್ಲಿ ಗ್ಲಿಮ್ಟ್ ಸಂಘವು, ಇನ್ನೂ ಎರಡನೆಯ ಶ್ರೇಣಿಯಲ್ಲಿದ್ದಾಗಲೇ, ದೇಶದ ಕಪ್ಪನ್ನು ಗೆದ್ದಿತು. ಉತ್ತರಕ್ಕೆ ಆ ಕಪ್ ಸಂದದ್ದು ಅದೇ ಮೊದಲು. ಆದರೂ ಮೊದಲ ಶ್ರೇಣಿಯಲ್ಲಿ ಆಡಲು ಅದು 1977ರವರೆಗೆ ಕಾಯಬೇಕಾಯಿತು. ಕಾಲಿಟ್ಟ ಆ ವರ್ಷವೇ ಅದು ಶ್ರೇಣಿಯಲ್ಲಿ ಎರಡನೆಯ ಸ್ಥಾನ ಪಡೆದು, ಕಪ್ಪಿನ ಅಂತಿಮ ಪಂದ್ಯವನ್ನೂ ಮುಟ್ಟಿತು. ಯೋಗ್ಯತೆಯ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಮುಂದಿನದು ಲೋಕವಿದಿತ. 2020ರಲ್ಲಿ 30 ಪಂದ್ಯಗಳಲ್ಲಿ ಒಂದನ್ನು ಮಾತ್ರ ಸೋತು, 103 ಗೋಲುಗಳನ್ನು ಹೊಡೆದು, ಗ್ಲಿಮ್ಟ್ ದೇಶದ ಮೊದಲ ಶ್ರೇಣಿಯನ್ನು ಗೆದ್ದಿತು. 2021, 2023, 2024ರಲ್ಲಿ ಮರಳಿ ಗೆದ್ದಿತು. 2025ರಲ್ಲಿ ಯೂರೋಪಾ ಲೀಗಿನ ಉಪಾಂತ್ಯವನ್ನು ಮುಟ್ಟಿತು. ನಾರ್ವೆಯ ಬೇರಾವ ಸಂಘವೂ ಅದಕ್ಕೆ ಮೊದಲು ಯೂರೋಪಿನ ಪಂದ್ಯಾವಳಿಯೊಂದರಲ್ಲಿ ಅಷ್ಟು ದೂರ ನಡೆದಿರಲಿಲ್ಲ. ಸುಮಾರು 8,000 ಪ್ರೇಕ್ಷಕರು ಹಿಡಿಸುವ ಆಸ್ಪ್‌ಮಿರಾ ಎಂಬ ಸಣ್ಣ ಕ್ರೀಡಾಂಗಣವೇ ಅದರ ಮನೆ.

ಈ ಜಯಗಳನ್ನು ತೋರಿಸಿ, ಕೊನೆಗೆ ಎಲ್ಲವೂ ಸರಿಹೋಯಿತಲ್ಲ ಎನ್ನುವವರು ಒಂದನ್ನು ಮರೆಯುತ್ತಾರೆ. 1963ಕ್ಕೆ ಮುಂಚೆ ಆ ಊರಿನಲ್ಲಿ ಆಡಿ ಮುದುಕರಾದವರನ್ನು ಯಾರೂ ತೂಗಿ ನೋಡಲೇ ಇಲ್ಲ. ಅವರು ಸೋತವರಲ್ಲ, ಸೋಲುವ ಹಕ್ಕೂ ಇಲ್ಲದವರು. ಇಂದಿನ ಕಪ್ಪುಗಳು ಅವರ ಸಾಲವನ್ನು ತೀರಿಸಲಾರವು. ರಾಜಧಾನಿಯಲ್ಲಿ ಕುಳಿತು ನಾಡಿನ ಹೆಸರಿನಲ್ಲಿ ಪಂದ್ಯ ಕಟ್ಟುವವರು ಯಾರ ಯೋಗ್ಯತೆಯನ್ನೂ ಭೂಪಟದ ಮೇಲೆ ಅಳೆಯತಕ್ಕದ್ದಲ್ಲ. ಕಣಕ್ಕೆ ಬಿಟ್ಟು ಅಳೆಯತಕ್ಕದ್ದು.