ತದ್ರೂಪಿ ಸೃಷ್ಟಿ: ಕಾನೂನಿನ ಕಣ್ಣು ಎತ್ತ?

ಮಧ್ಯ ಏಷ್ಯಾದ ಪಾಮಿರ್ ಪರ್ವತಗಳಲ್ಲಿ ಮಾರ್ಕೊ ಪೋಲೊ ಆರ್ಗಲಿ ಎಂಬ ದೈತ್ಯ ಕಾಡುಕುರಿ ಇದೆ. ಅಮೆರಿಕದ ಮಾಂಟಾನಾದ ಪಶುಪಾಲಕನೊಬ್ಬ ಕಿರ್ಗಿಸ್ತಾನದಿಂದ ಅದರ ಅಂಗಾಂಶವನ್ನು ಕಳ್ಳದಾರಿಯಲ್ಲಿ ತರಿಸಿ, ಪ್ರಯೋಗಾಲಯಕ್ಕೆ ಕೊಟ್ಟು 165 ತದ್ರೂಪಿ ಭ್ರೂಣಗಳನ್ನು ಮಾಡಿಸಿದ. ಕೊನೆಗೆ ಒಂದು ಟಗರು ಹುಟ್ಟಿತು. ಅದರ ವೀರ್ಯದಿಂದ ಮಿಶ್ರತಳಿ ಕುರಿಗಳನ್ನು ಬೆಳೆಸಿ, ಹಣ ಕೊಟ್ಟು ಬೇಟೆಯಾಡುವ ಶೋಕಿಯವರ ತಾಣಗಳಿಗೆ ಮಾರುವುದು ಅವನ ಲೆಕ್ಕಾಚಾರ. 2024ರ ಸೆಪ್ಟೆಂಬರ್‌ನಲ್ಲಿ, 81ರ ವಯಸ್ಸಿನಲ್ಲಿ, ಅವನಿಗೆ ಆರು ತಿಂಗಳ ಜೈಲಾಯಿತು. ಆದರೆ ಆರೋಪಪಟ್ಟಿಯಲ್ಲಿದ್ದದ್ದು ವನ್ಯಜೀವಿ ಕಳ್ಳಸಾಗಣೆ. ಕ್ಲೋನಿಂಗ್ ಮಾಡಿಸಿದ್ದು ಅಲ್ಲಿ ಅಪರಾಧವೇ ಅಲ್ಲ.

ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ತದ್ರೂಪಿ ಕುರಿ ಡಾಲಿ ಹುಟ್ಟಿದ ಸುದ್ದಿ 1997ರ ಫೆಬ್ರುವರಿಯಲ್ಲಿ ಹೊರಬಿದ್ದಾಗ ಜಗತ್ತಿಗೆ ಕುರಿಯ ಚಿಂತೆ ಇರಲಿಲ್ಲ. ಮುಂದಿನ ಸರದಿ ಮನುಷ್ಯನದೇ ಎಂಬ ದಿಗಿಲು ಎಲ್ಲರಿಗೂ. ಬ್ರಿಟನ್ 2001ರಲ್ಲಿ ಮಾನವ ತದ್ರೂಪಿ ಸೃಷ್ಟಿಗೆ ಹತ್ತು ವರ್ಷದವರೆಗೆ ಸೆರೆವಾಸ ವಿಧಿಸುವ ಕಾಯ್ದೆ ತಂದಿತು. 2005ರಲ್ಲಿ ಅದನ್ನು ನಿಷೇಧಿಸಬೇಕೆನ್ನುವ ವಿಶ್ವಸಂಸ್ಥೆಯ ಘೋಷಣೆಯೂ ಬಂತು. ಪರ 84, ವಿರುದ್ಧ 34 ಮತ. ಭಾರತ ವಿರೋಧಿಸಿದವರ ಸಾಲಿನಲ್ಲಿತ್ತು. ಮನುಷ್ಯನ ತದ್ರೂಪಿ ಬೇಕೆಂದಲ್ಲ. ಚಿಕಿತ್ಸೆಗಾಗಿ ನಡೆಯುವ ಭ್ರೂಣಕೋಶ ಸಂಶೋಧನೆಗೂ ಘೋಷಣೆ ಬಾಗಿಲು ಹಾಕುವಂತಿತ್ತು.

ಮಾನವ ತದ್ರೂಪಿಯ ವಿರುದ್ಧ ಮೊದಲು ಕೇಳಿಬರುವ ವಾದ ವ್ಯಕ್ತಿತ್ವದ್ದು. ಇನ್ನೊಬ್ಬರ ನಕಲಾಗಿ ಹುಟ್ಟಿದವನಿಗೆ ಸ್ವಂತಿಕೆ ಎಲ್ಲಿಯದು ಎಂಬುದು. ಈ ವಾದದಲ್ಲಿ ಹುರುಳು ಕಡಿಮೆ. ಒಂದೇ ಭ್ರೂಣ ಒಡೆದು ಹುಟ್ಟುವ ಅವಳಿಗಳ ಆನುವಂಶಿಕ ಮಾಹಿತಿ ಒಂದೇ. ಹಾಗೆಂದು ಅವರನ್ನು ಯಾರೂ ಅರ್ಧ ಮನುಷ್ಯರೆನ್ನುವುದಿಲ್ಲ. ಗಟ್ಟಿಯಾದ ಆಕ್ಷೇಪ ಅಂಕಿಗಳಲ್ಲಿದೆ. ಡಾಲಿಗಾಗಿ 277 ಅಂಡಾಣುಗಳಿಗೆ ಕೋಶಕೇಂದ್ರ ಕೂಡಿಸಲಾಗಿತ್ತು. 29 ಭ್ರೂಣ ಬೆಳೆದವು, 13 ಕುರಿಗಳ ಗರ್ಭ ಸೇರಿದವು, ಹುಟ್ಟಿದ ಮರಿ ಒಂದೇ. ಇಪ್ಪತ್ತು ವರ್ಷ ಕಳೆದ ಮೇಲೆ ಶಾಂಘೈನಲ್ಲಿ ಮಂಗಗಳ ತದ್ರೂಪಿ ಮಾಡಿದಾಗಲೂ, ಭ್ರೂಣಮೂಲದ ಕೋಶ ಬಳಸಿದ ಪ್ರಯೋಗದಲ್ಲಿ 79 ಭ್ರೂಣಗಳನ್ನು 21 ಹೆಣ್ಣು ಮಂಗಗಳಲ್ಲಿ ಇರಿಸಿ ದಕ್ಕಿದ್ದು ಎರಡು ಮರಿ. ಬೆಳೆದ ಮಂಗದ ಕೋಶದಿಂದ ಹುಟ್ಟಿದ ಎರಡೂ ಬದುಕಲಿಲ್ಲ. ಈ ಅಂಕಿಗಳಲ್ಲಿ ಮಂಗದ ಜಾಗದಲ್ಲಿ ಹೆಂಗಸರನ್ನು ಇಟ್ಟು ನೋಡಿದರೆ ನಿಷೇಧಕ್ಕೆ ಬೇರೆ ತತ್ವಶಾಸ್ತ್ರ ಬೇಕಾಗುವುದಿಲ್ಲ.

ತದ್ರೂಪಿ ಹುಟ್ಟದೆಯೂ ಹೆಂಗಸರಿಗೆ ಪೆಟ್ಟು ಬೀಳಬಹುದು ಎಂಬುದನ್ನು ದಕ್ಷಿಣ ಕೊರಿಯಾ ತೋರಿಸಿತು. ಮಾನವ ತದ್ರೂಪಿ ಭ್ರೂಣದಿಂದ ಆಕರಕೋಶ ಪಡೆದೆನೆಂದು 2004 ಮತ್ತು 2005ರಲ್ಲಿ ಅಲ್ಲಿನ ವಿಜ್ಞಾನಿ ಹ್ವಾಂಗ್ ವೂ ಸುಕ್ ಪ್ರಕಟಿಸಿದ ಸಂಶೋಧನೆ ಸುಳ್ಳೆಂದು ಸಾಬೀತಾಯಿತು. ಆದರೆ ಅದಕ್ಕಾಗಿ ಖರ್ಚಾದ ಎರಡು ಸಾವಿರಕ್ಕೂ ಹೆಚ್ಚು ಅಂಡಾಣು ನಿಜವಾದವು. ಕೆಲವು ಹೆಂಗಸರಿಗೆ ಹಣ ಕೊಡಲಾಗಿತ್ತು. ಹ್ವಾಂಗ್ ಅವರದೇ ಪ್ರಯೋಗಾಲಯದ ಕಿರಿಯ ಸಂಶೋಧಕಿಯರೂ ಅಂಡಾಣು ಕೊಟ್ಟಿದ್ದರು. ಮೇಲಧಿಕಾರಿಯ ಯೋಜನೆಗೆ ಕೈಕೆಳಗಿನವರು ಕೊಟ್ಟ ಒಪ್ಪಿಗೆ ಎಷ್ಟು ಸ್ವತಂತ್ರವಾದದ್ದು?

ಭಾರತದಲ್ಲಿ ಮಾನವ ತದ್ರೂಪಿಯನ್ನು ತಡೆಯುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು ಆಕರಕೋಶ ಸಂಶೋಧನೆಗಾಗಿ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ. ನಿಷೇಧವೇನೋ ಸ್ಪಷ್ಟವಾಗಿಯೇ ಇದೆ. ಅದರ ಹಿಂದೆ ಸಂಸತ್ತು ಒಪ್ಪಿದ ಪ್ರತ್ಯೇಕ ಕಾಯ್ದೆ ಇಲ್ಲ.

ಪ್ರಾಣಿಗಳ ವಿಷಯದಲ್ಲಿ ಮಾತ್ರ ದೇಶ ಬಹಳ ಮುಂದಿದೆ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ 2009ರ ಫೆಬ್ರುವರಿಯಲ್ಲಿ ಹುಟ್ಟಿದ ತದ್ರೂಪಿ ಎಮ್ಮೆಗರು ಸಮ್ರೂಪಾ ಒಂದು ವಾರವೂ ಬದುಕಲಿಲ್ಲ. ನಂತರ ಹುಟ್ಟಿದ ಗರಿಮಾ-2 ಬೆಳೆದು, 2013ರಲ್ಲಿ ಸಹಜವಾಗಿ ಕರು ಹಾಕಿತು. 2023ರ ಮಾರ್ಚ್‌ನಲ್ಲಿ ಗಿರ್ ತಳಿಯ ಕರು ಗಂಗಾ ಬಂತು. ಉತ್ತಮ ಕೋಣಗಳ ಕೊರತೆ ನೀಗಿದರೆ ಹಾಲಿನ ಇಳುವರಿ ಹೆಚ್ಚುತ್ತದೆ ಎಂಬ ವಾದ ತಳ್ಳಿಹಾಕುವಂಥದ್ದಲ್ಲ. ಅಳಿವಿನ ಅಂಚಿನ ಜೀವಿಗಳಿಗೂ ಇದು ಆಸರೆಯಾಗಬಲ್ಲದು. ಅಮೆರಿಕದಲ್ಲಿ 1988ರಲ್ಲಿ ಸತ್ತ ಕಪ್ಪುಗಾಲಿನ ಫೆರೆಟ್‌ನ ಶೈತ್ಯೀಕರಿಸಿದ ಕೋಶದಿಂದ 2020ರಲ್ಲಿ ಎಲಿಜಬೆತ್ ಆ್ಯನ್ ಹುಟ್ಟಿತು.

ನಮ್ಮಲ್ಲಿ ಅಂಥದೇ ಪ್ರಯತ್ನ ಬೇರೆ ಹಾದಿ ಹಿಡಿಯಿತು. ಛತ್ತೀಸಗಢದ ರಾಜ್ಯಪ್ರಾಣಿ ಕಾಡಿನ ನೀರೆಮ್ಮೆ. ಇದು ಮಲೆನಾಡಿನ ಕಾಟಿಯಲ್ಲ. ಕೊಟ್ಟಿಗೆಯ ಎಮ್ಮೆಯ ಕಾಡು ಪೂರ್ವಜ. ಅಲ್ಲಿನ ಉದಂತಿ ಕಾಡಿನ ಆಶಾ ಎಂಬ ಎಮ್ಮೆಯ ಕೋಶದಿಂದ 2014ರ ಡಿಸೆಂಬರ್‌ನಲ್ಲಿ ಕರ್ನಾಲ್‌ನಲ್ಲಿ ದೀಪಾಶಾ ಹುಟ್ಟಿತು. ಬೆಳೆದ ಮೇಲೆ ರಾಯಪುರದ ಸಫಾರಿಗೆ ಬಂತು. ನೋಡಿದರೆ ಊರಿನ ಮುರ್ರಾ ಎಮ್ಮೆಯ ಹಾಗೇ ಇದೆಯಲ್ಲ ಎಂದು ವನ್ಯಜೀವಿ ಕಾರ್ಯಕರ್ತರು ಕೇಳತೊಡಗಿದರು. ರೂಪದ ಮಾತು ಅತ್ತ ಇರಲಿ. ಕೋಶಕೇಂದ್ರ ಕಾಡಿನದಾದರೂ ಅಂಡಾಣು, ಅದರೊಂದಿಗೆ ಬರುವ ಮೈಟೊಕಾಂಡ್ರಿಯಾ, ಹೊತ್ತ ಗರ್ಭ ಎಲ್ಲವೂ ಸಾಕು ಎಮ್ಮೆಯದು. ಇಂಥ ಪ್ರಾಣಿ ವನ್ಯಜೀವಿಯೋ ಜಾನುವಾರೋ ಎಂಬುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉತ್ತರವಿಲ್ಲ.

ಪ್ರಾಣಿ ಪ್ರಯೋಗಗಳಿಗೆ 1960ರ ಕ್ರೌರ್ಯ ತಡೆ ಕಾಯ್ದೆಯಡಿ ಸಮಿತಿಯ ಅನುಮತಿ ಬೇಕು. ಆದರೆ ಕ್ಲೋನಿಂಗ್‌ಗೇ ವಿಶಿಷ್ಟವಾದ ತೊಡಕುಗಳಿವೆ. ಗರ್ಭಪಾತ, ಮಾಸದ ದೋಷ, ಅತಿ ದೊಡ್ಡ ಕರುವಿನಿಂದಾಗುವ ಕಷ್ಟದ ಹೆರಿಗೆ ಅವುಗಳಲ್ಲಿ ಕೆಲವು. ಕರು ಹುಟ್ಟಿದಾಗ ಅದಕ್ಕೆ ಹೆಸರಿಟ್ಟು ಪತ್ರಿಕಾ ಪ್ರಕಟಣೆ ಕೊಡಲಾಗುತ್ತದೆ. ಗರ್ಭ ಹೊತ್ತು ಕಳೆದುಕೊಂಡ ಎಮ್ಮೆಗಳ ಸುದ್ದಿ ಅದರಲ್ಲಿ ಇರುವುದಿಲ್ಲ.

ಇದನ್ನು ಸರಿಪಡಿಸಲು ಹೊಸ ಪ್ರಾಧಿಕಾರ ಕಟ್ಟಬೇಕಿಲ್ಲ. ಮಾನವ ತದ್ರೂಪಿಯ ನಿಷೇಧ ಮಾರ್ಗಸೂಚಿಯಿಂದ ಕಾಯ್ದೆಗೆ ಬಡ್ತಿ ಪಡೆಯಲಿ. ಸರ್ಕಾರದ ಹಣ ಪಡೆಯುವ ಪ್ರತಿ ಕ್ಲೋನಿಂಗ್ ಯೋಜನೆಯೂ ಎಷ್ಟು ಭ್ರೂಣ ಇರಿಸಿತು, ಎಷ್ಟು ಗರ್ಭ ನಿಂತಿತು, ಎಷ್ಟು ತಾಯಿ ಪ್ರಾಣಿಗಳು ಸತ್ತವು ಎಂಬುದನ್ನು ವರ್ಷಕ್ಕೊಮ್ಮೆ ಬಹಿರಂಗಪಡಿಸಲಿ. ತದ್ರೂಪಿ ಕೋಣದ ವೀರ್ಯವನ್ನು ಹಳ್ಳಿಗೆ ಕಳಿಸುವುದಾದರೆ ನಳಿಕೆಯ ಮೇಲೆ ಅದನ್ನು ನಮೂದಿಸಲಿ, ಬೇಕೋ ಬೇಡವೋ ರೈತ ತೀರ್ಮಾನಿಸುತ್ತಾನೆ. ವನ್ಯಜೀವಿ ಕಾಯ್ದೆಗೆ ಮುಂದಿನ ತಿದ್ದುಪಡಿ ತರುವಾಗ ದೀಪಾಶಾಳಂಥವುಗಳ ಸ್ಥಾನಮಾನವೂ ಅದರಲ್ಲಿ ನಿಗದಿಯಾಗಲಿ.